ಬೀಗರಿಗೆ ಮುಂದಿನ ಸೀಟು

ಮುದ್ದೇಬಿಹಾಳದ ಗುರುಲಿಂಗಪ್ಪ ಹಳೆಯ ಟೆಂಪೋದಲ್ಲಿ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂಡಿಸಿ ಅದನ್ನು ಓಡಾಡುವ ಮನೆ ಮಾಡಿಕೊಂಡಿದ್ದ. ಅದಕ್ಕೊಂದು ಟೀವಿಯೂ ಬೇಕೆನಿಸಿದ್ದು ಅಂದು ಸಂಜೆಯ ಕಬಡ್ಡಿ ಫೈನಲ್‌ಗಾಗಿ. ಮಗಳ ಮಾವನನ್ನು ಕೊಲ್ಹಾರದ ಹೊಳೆ ತೋರಿಸಲು ಕರೆದೊಯ್ಯುವ ಮಾತೂ ಅದೇ ದಿನಕ್ಕೆ ಬಿದ್ದಿತ್ತು. ಬೀಗರನ್ನು ಬಿಡುವಂತಿಲ್ಲ. ಕಬಡ್ಡಿಯನ್ನಂತೂ ಪ್ರಾಣ ಹೋದರೂ ಬಿಡುವಂತಿಲ್ಲ.

ಸಣ್ಣದೊಂದು ಸಾಕೆಂದು ಬೆಳಿಗ್ಗೆ ಅಂಗಡಿಗೆ ಹೊರಟರೆ ನೆರೆಮನೆಯ ಪೀರಬಿ ಬೆನ್ನುಬಿದ್ದಳು.

"ಅಣ್ಣಾರ, ಅದರಾಗ ಆಟಗಾರರು ಇರಿವಿ ಕಂಡಂಗ ಕಾಣ್ತಾರ್ರಿ. ದೊಡ್ಡದ ತಗೋರಿ!"

ದೊಡ್ಡದು ಬಂತು. ಬಾಗಿಲಲ್ಲಿ ಹಿಡಿಯಲಿಲ್ಲ. ಹಿಂದಿನ ಗಾಜು ಬಿಚ್ಚಿ ಒಳಗೆ ತೂರಿಸಿ, ಮುಂದಿನ ಸೀಟುಗಳ ಬೆನ್ನಿಗೆ ಬಿಗಿಸಿದ್ದಾಯಿತು.

ಮಧ್ಯಾಹ್ನ ಸಿಂದಗಿಯಿಂದ ಬೀಗರಾದ ಶಂಕ್ರೆಪ್ಪನವರು ಹೆಂಡತಿಯೊಂದಿಗೆ ಬಂದರು. ಬೀಗರೆಂದ ಮೇಲೆ ಮುಂದಿನ ಸೀಟೇ. ಹಿಂದೆ ಗುರುಲಿಂಗಪ್ಪನ ಹೆಂಡತಿ ಸಿದ್ದಲಿಂಗವ್ವ, ಬೀಗಿತಿ, ಕರೆಯದೆ ಹತ್ತಿದ ಪೀರಬಿ. ಪೆನ್‌ಡ್ರೈವಿನ ಹಾಸ್ಯ ನಾಟಕ ಶುರುವಾಗಿದ್ದೇ ತಡ, ಮೂವರೂ ಬಿದ್ದು ಬಿದ್ದು ನಕ್ಕರು. ಅವರು ನಕ್ಕಷ್ಟೂ ಬೀಗರ ಮುಖ ಬಿಗಿಯಿತು.

ಬಸವನ ಬಾಗೇವಾಡಿ ಬಂದಾಗ ಬೀಗರು ಬಾಯಿಬಿಟ್ಟರು. "ಗಾಡಿ ನಿಂದರಸ್ರಿ. ನಾ ಬಸ್ಸಿಗೆ ಹೊಕ್ಕೇನಿ."

ಗುರುಲಿಂಗಪ್ಪ ಗಕ್ಕನೆ ಗಾಡಿ ನಿಲ್ಲಿಸಿದ. ಸಿದ್ದಲಿಂಗವ್ವ ಅವನನ್ನು ಕೆಳಗಿಳಿಸಿ ಪಿಸುಗುಟ್ಟಿದಳು. "ನಾವೆಲ್ಲಾ ಟೀವಿ ನೋಡಾಕತ್ತೇವಿ, ಅವರಿಗಷ್ಟ ಡಾಂಬರು ತೋರಸಾಕತ್ತೀರಿ. ಸಿಟ್ಟು ಬರೂದಿಲ್ಲೇನು?"

ಬೀಗರ ಸಿಟ್ಟು ನೆಲಕ್ಕೆ ಚೆಲ್ಲಿದ ಎಣ್ಣೆಯಂತೆ, ತಡ ಮಾಡಿದರೆ ಊರೆಲ್ಲ ಹರಡುತ್ತದೆ. ಅಲ್ಲೇ ಗ್ಯಾರೇಜಿನಲ್ಲಿ ಟೀವಿ ಕಿತ್ತು ಹಿಂದಿನ ಗೋಡೆಗೆ ಹಾಕಿಸಿದ. ಆಗ ಎಲ್ಲರಿಗೂ ಟೀವಿ ಬೆನ್ನಿಗಾಯಿತು. ಗಾಡಿ ಓಡಿಸುವ ತನ್ನ ಸೀಟೊಂದನ್ನು ಬಿಟ್ಟು ಉಳಿದ ಸೀಟುಗಳನ್ನೇ ತಿರುಗಿಸಿ ಹಾಕಿಸಿದ. ಬೀಗರನ್ನು ಕೈಹಿಡಿದು ಟೀವಿಯೆದುರು ಕೂರಿಸಿ, "ಇನ್ನ ಇದ ಮುಂದಿನ ಸೀಟು ನೋಡ್ರಿ" ಅಂದ.

ಹಿಮ್ಮುಖವಾಗಿ ಕುಳಿತ ಬೀಗರ ತಲೆ ರಸ್ತೆಯ ಉಬ್ಬಿಗೊಮ್ಮೆ ಮೇಲಿನ ತಗಡಿಗೆ ಬಡಿಯಿತು. "ಆರಾಮ ಅದೀರೇನ್ರಿ?" ಎಂದು ಗುರುಲಿಂಗಪ್ಪ ಕೇಳಿದರೆ, ತಲೆ ಸವರಿಕೊಳ್ಳುತ್ತ "ಭಾಳ ಆರಾಮ" ಅಂದರು.

ಕೊಲ್ಹಾರ ಮುಟ್ಟಿದಾಗ ಸಂಜೆಯ ಬಿಸಿಲು ಹಿನ್ನೀರಿನ ಮೇಲೆ ಮಿನುಗುತ್ತಿತ್ತು. ಗಾಡಿ ದಡದಲ್ಲಿ ನಿಂತಿತು. ಮೊಬೈಲಿನ ನೆಟ್ ಟೀವಿಗೆ ಸಿಕ್ಕಿತು. ಫೈನಲ್ ಶುರುವಿನ ಸೀಟಿ ಊದಿದರು. ಇದಕ್ಕಿಂತ ಸುಖ ಯಾವುದಿದೆ ಎಂದುಕೊಂಡು ಗುರುಲಿಂಗಪ್ಪ ಇನ್ನೇನು ಕೂರಬೇಕು, ಬೀಗರು ತೋಳು ಹಿಡಿದರು.

"ಬೀಗರ, ಇಷ್ಟು ಮರ್ಯಾದಿ ನನಗ ಯಾರೂ ಮಾಡಿದ್ದಿಲ್ರಿ. ಖರೇ ಹೇಳ್ತೇನಿ, ನನಗ ಟೀವಿ ಅಂದ್ರ ಆಗೂದಿಲ್ಲ."

"ಮತ್ತ ಬಸ್ಸಿಗೆ ಹೊಕ್ಕೇನಿ ಅಂದ್ರೆಲ್ಲರಿ?"

"ಹಿಂದ ಒಂದ ಸವನ ನಗಾಕತ್ತಿದ್ರಲ್ಲ, ನನ್ನ ಬೋಳ ತಲಿ ನೋಡಿ ನಗಾಕತ್ತಾರಂತ ತಿಳಕೊಂಡಿದ್ನಿ! ಹೆಣ್ಮಕ್ಕಳು ನೋಡ್ಲಿ ಬಿಡ್ರಿ. ನಾವಿಬ್ರೂ ಹೊಳಿ ದಂಡಿಗುಂಟ ಅಡ್ಡಾಡಿ ಬರೂಣು."

ಬೀಗರ ಮಾತು ಮೀರುವುದುಂಟೇ? ಗುರುಲಿಂಗಪ್ಪ ಇಳಿದ. ಹುಟ್ಟಿದಾಗಿನಿಂದ ಕಬಡ್ಡಿಯತ್ತ ಕಣ್ಣೆತ್ತದ ಸಿದ್ದಲಿಂಗವ್ವ ಗಾಡಿಯೊಳಗಿಂದ ಕೂಗಿದಳು. "ಬಿಡಬ್ಯಾಡ್ರಿ ಅವನ್ನ! ಗಟ್ಟಿ ಹಿಡೀರಿ!"

ಗುರುಲಿಂಗಪ್ಪ ಹಿಂದಿರುಗಿ ನೋಡಿದ.

"ಎಷ್ಟು ಶಾಂತ ಐತ್ರಿ ಇಲ್ಲೆ," ಎಂದು ಶಂಕ್ರೆಪ್ಪನವರು ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.