ಹತ್ತು ಕಡೆ ಓದಿದ ಫೋನು, ಬುಟ್ಟಿ ತುಂಬ ರೊಟ್ಟಿ

"ನಿಮ್ಮ ಖಾನಾವಳಿ ಬಂದ್ ಆಗ್ಯದಂತಲ್ರಿ?"

ಫೋನಿನಲ್ಲಿ ಯಾದಗಿರಿಯ ಲಕ್ಷ್ಮಿಕಾಂತ ಮಾಸ್ತರರು. ಶಿರವಾಳದ ಗುಡಿ ನೋಡಲು ಹೊರಟ ನಲವತ್ತು ಮಾಸ್ತರರಿಗೆ ಊಟ ಬೇಕೆಂದು ನಿನ್ನೆ ಹೇಳಿದ್ದವರು ಇವರೇ. ಶಹಾಪುರದ ರೇವಣಸಿದ್ದ ಗಾಬರಿಯಾಗಿ ತನ್ನ ಖಾನಾವಳಿಯ ಬಾಗಿಲನ್ನೇ ತಿರುಗಿ ನೋಡಿದ. ತೆರೆದೇ ಇತ್ತು. ಒಳಗೆ ಹೆಂಡತಿ ಮಲಕಮ್ಮ ನಸುಕಿನಿಂದ ಬಡಿದ ರೊಟ್ಟಿ ಬುಟ್ಟಿ ತುಂಬ ಕೂತಿದ್ದವು.

"ತೆರದದರಿ ಸರ! ನಾನೇ ಒಳಗ ನಿಂತೀನಲ್ರಿ!"

"ನೀವು ಹಂಗ ಅಂತೀರಿ. ನನ್ನ ಹೊಸಾ ಆ್ಯಪ್ ಹತ್ತು ಕಡೆ ಓದಿ, ಎಲ್ಲಾ ಕೂಡಿಸಿ ಸಾರಾಂಶ ಹೇಳ್ತದ. ಒಂದು ಗಂಟೆಗೆ ಮತ್ತ ನೋಡ್ತೀನಿ. ಆಗೂ ಬಂದ್ ಅಂದ್ರ ಸುರಪುರದಾಗ ಉಣ್ತೀವಿ."

ಖಾನಾವಳಿ ತೆರೆದಿದೆಯೋ ಇಲ್ಲವೋ ಎಂದು ಈಗ ರೇವಣಸಿದ್ದನಿಗೇ ಅನುಮಾನ.

ಪಕ್ಕದ ಪಂಕ್ಚರ್ ಅಂಗಡಿಯ ಸರದಾರಸಾಬ ತನ್ನ ಫೋನು ಕೆದಕಿದ. "ಹೋದ್ ವರ್ಷ ಬಸುರಿ ತಂಗಿ ಕುಬಸಕ್ಕ ಎರಡು ದಿನ ಕೀಲಿ ಹಾಕಿದ್ದಿಲ್ಲೇನು? ಯಾವನೋ ಹಸದಾಂವ ನೆಟ್ಟಿನಾಗ 'ಬಂದ್' ಅಂತ ಬರದಾನ. ಆ್ಯಪ್ ಅದನ್ನೇ ಹಿಡಕೊಂಡದ. ಫಿಕರ್ ಮಾಡಬ್ಯಾಡ, ನಾವೆಲ್ಲ ಚಲೋ ಬರೀತೀವಿ."

ಓಣಿಗೆ ಓಣಿಯೇ ಫೋನ್ ಹಿಡಿದು ಬಂತು. ಆದರೆ ಒಬ್ಬರೂ ಬರೆಯಲೊಲ್ಲರು.

"ಉಣ್ಣದ ಹ್ಯಾಂಗ ಬರಿಯಾದು?" ಎಂದಳು ಎದುರುಮನೆಯ ರೇಣಮ್ಮ. "ಅನ್ನದ ವಿಷಯದಾಗ ಸುಳ್ಳ ಬರದ್ರ ಪಾಪ ಹತ್ತತದ."

ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವ ನಾಲಿಗೆ ಮಲಕಮ್ಮನದಲ್ಲ. ಬಡಿಸಿದಳು. ರೇಣಮ್ಮ ಉಂಡು ಬರೆದಳು: "ಒಮ್ಮೆ ಉಂಡ್ರ ಎರಡು ದಿನ ಊಟ ಬೇಕಾಗಂಗಿಲ್ಲ." ಸರದಾರಸಾಬ ಬರೆದ: "ಪುಂಡಿಪಲ್ಯ ತಿಂದು ಅವ್ವನ ನೆನಪಾಗಿ ಅತ್ತುಬಿಟ್ಟೆ."

ಆ್ಯಪ್ ಎಲ್ಲವನ್ನೂ ಓದಿ ಹೇಳಿತು: "ಖಾನಾವಳಿ ತೆರೆದಿದೆ. ಉಂಡವರು ಅಳುತ್ತಾರೆ. ಎರಡು ದಿನ ಅವರಿಗೆ ಊಟ ಸೇರುವುದಿಲ್ಲ."

"ಅಯ್ಯೋ ನನ್ನ ಹಣೆಬರಹವೇ! ಬಿಡಿಸಿ ಬರೀರೆಪಾ!" ಎಂದ ರೇವಣಸಿದ್ದ.

"ಬಿಡಿಸಿ ಬರಿಯಾಕ ರುಚಿ ಸರಿಯಾಗಿ ನೋಡಬೇಕಲ್ಲೋ," ಎನ್ನುತ್ತ ಸರದಾರಸಾಬ ಮತ್ತೆ ತಾಟಿನ ಮುಂದೆ ಕೂತ. ಓಣಿಯೂ ಕೂತಿತು. ರೇವಣಸಿದ್ದನ ಕಣ್ಣು ಫೋನಿನ ಮೇಲೆಯೇ ಇತ್ತು.

ಒಂದಕ್ಕೆ ಐದು ನಿಮಿಷವಿರುವಾಗ ಆ್ಯಪ್ ತೀರ್ಪು ಬದಲಿಸಿತು: "ಶಹಾಪುರದಲ್ಲಿ ಉಣ್ಣಲೇಬೇಕಾದ ಜಾಗ. ಖಂಡಿತ ತೆರೆದಿದೆ." ರೇವಣಸಿದ್ದ ಸರದಾರಸಾಬನನ್ನು ಅಪ್ಪಿಕೊಂಡು ಕುಣಿದ. ಸ್ವಲ್ಪ ಹೊತ್ತಿಗೆ ಮಾಸ್ತರರ ಬಸ್ಸೂ ಬಂದು ನಿಂತಿತು.

"ಬರ್ರಿ ಸರ, ಬರ್ರಿ! ಏ ಮಲಕಮ್ಮ, ರೊಟ್ಟಿ ತಾ!"

ಮಲಕಮ್ಮ ಬುಟ್ಟಿಯನ್ನು ಬೋರಲು ಹಾಕಿ ತೋರಿಸಿದಳು. "ಎಲ್ಲಿ ರೊಟ್ಟಿ? ಬರದವರೇ ಉಂಡು ಮುಗಿಸ್ಯಾರ. ಪಲ್ಯನೂ ಇಲ್ಲ, ಹಿಟ್ಟೂ ಇಲ್ಲ."

ರೇವಣಸಿದ್ದ ಹಸಿದ ನಲವತ್ತು ಮುಖಗಳಿಗೆ ಕೈ ಮುಗಿದ.

"ಸರ... ಖಾನಾವಳಿ ಬಂದ್ ಅದರಿ."

"ಚಾಷ್ಟಿ ಮಾಡಬ್ಯಾಡ್ರಿ," ಲಕ್ಷ್ಮಿಕಾಂತ ಮಾಸ್ತರರು ಫೋನ್ ಎತ್ತಿ ತೋರಿಸಿದರು. "ಖಂಡಿತ ತೆರದದ ಅಂತ ಇಲ್ಲೇ ಬರದದ." ನಲವತ್ತು ಮಂದಿಯೂ ಕೈ ತೊಳೆದು ಕೂತೇಬಿಟ್ಟರು.