ವಡೋದರಾದಿಂದ ಬೋಪಾಲ್‌ವರೆಗೆ ನನ್ನ ಇಂಗ್ಲಿಷ್ ಕ್ಲಾಸು

ನಾಲ್ಕು ಜನ ಹೆಂಗಸರು ಒಂದು ಇಂಗ್ಲಿಷ್ ಪುಸ್ತಕದ ಸುತ್ತ ಕೂತರೆ ಅಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಇದು ನನ್ನ ಹತ್ತು ವರ್ಷದ ಅನುಭವ.

ನಾನು ಧಾರವಾಡದವಳು. ಯಜಮಾನರು ಬ್ಯಾಂಕಿನಲ್ಲಿ ಮ್ಯಾನೇಜರು. ಬ್ಯಾಂಕಿನವರು ಅವರನ್ನು ಮೊದಲು ವಡೋದರಾಕ್ಕೆ, ಆಮೇಲೆ ಸೂರತ್‌ಗೆ, ಈಗ ಅಹಮದಾಬಾದಿಗೆ ಎತ್ತಿ ಹಾಕಿದ್ದಾರೆ. ಹೋದಲ್ಲೆಲ್ಲ ನಾನು ಅಕ್ಕಪಕ್ಕದ ಹೆಂಗಸರನ್ನು ಮಧ್ಯಾಹ್ನ ಕೂಡಿಸಿಕೊಂಡು ಇಂಗ್ಲಿಷ್ ಓದಿಸುತ್ತೇನೆ. ವ್ಯಾಕರಣ ಕಲಿಸುವಷ್ಟು ವ್ಯಾಕರಣ ನನಗೇ ಬರುವುದಿಲ್ಲ, ಹಾಗಾಗಿ ಓದಿಸುವುದೊಂದೇ ದಾರಿ. ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ವಿಲಾಯತಿ ಪುಸ್ತಕವೇ ನಮ್ಮ ಪಠ್ಯ. ಅದರಲ್ಲಿ ಮೂರು ಭಾಗ: ಭಾಷೆಯ ಕಥೆ, ಇತಿಹಾಸ, ಮತ್ತು ಯಾವ ಋತುವಿನಲ್ಲಿ ಕೈಯಿಂದ ಏನೇನು ಮಾಡಬಹುದು ಎಂಬ ವಿವರ. ಒಬ್ಬೊಬ್ಬರು ಒಂದೊಂದು ಸಾಲು ಓದಬೇಕು, ಅರ್ಥ ಹೇಳಬೇಕು. ಗುಜರಾತಿನಲ್ಲಿ ಯಾವ ಹೆಂಗಸನ್ನಾದರೂ ಗೌರವದಿಂದ ‘ಬೆನ್’ ಅನ್ನುತ್ತಾರೆ, ನಮ್ಮ ಕಡೆ ಅಕ್ಕಾರ ಅಂದ ಹಾಗೆ. ನಾನು ಮೂರೂ ಊರಲ್ಲಿ ‘ಟೀಚರ್ ಬೆನ್’ ಆದೆ.

ಕಡ ತಂದ ಪದಗಳು

ವಡೋದರಾದ ಮೊದಲ ಪಾಠ. ಇಂಗ್ಲಿಷ್ ಭಾಷೆ ಬೇರೆ ಭಾಷೆಗಳಿಂದ ಸಾವಿರಾರು ಪದಗಳನ್ನು ‘ಬಾರೋ’ ಮಾಡಿದೆ ಎಂದು ಪುಸ್ತಕದಲ್ಲಿತ್ತು. ಬಾರೋ ಅಂದರೆ ಕಡ ತರುವುದು ಎಂದು ಹೇಳಿದೆ. ಕೆಳಮನೆಯ ಬೆನ್ ಕೈ ಎತ್ತಿದರು.

“ಯಾವಾಗ ತಂದದ್ದು?”

“ಎಷ್ಟೋ ನೂರು ವರ್ಷ ಆಯ್ತು ಬೆನ್.”

“ವಾಪಸ್ ಕೊಟ್ಟರಾ?”

“ಪದಗಳನ್ನ ಯಾರೂ ವಾಪಸ್ ಕೊಡೋದಿಲ್ಲ. ಅವರೂ ಬಳಸ್ತಾರೆ, ನಾವೂ ಬಳಸ್ತೀವಿ.”

“ಮತ್ತೆ ಅದು ಬಾರೋ ಹೇಗಾಯ್ತು? ಬಾರೋ ಅಂದ್ರೆ ನನ್ನ ಢೋಕ್ಲಾ ಪಾತ್ರೆ. ದೀಪಾವಳಿಗೆ ಮನೆ ಬಿಟ್ಟು ಹೋದದ್ದು, ಹೋಳಿ ಬಂತು, ಪಾತ್ರೆ ಬರಲಿಲ್ಲ. ಅದನ್ನ ನಾನೂ ಬಳಸ್ತಾ ಇಲ್ಲ!”

ಎದುರಿಗೆ ಕೂತಿದ್ದ ಮೇಲ್ಮನೆಯ ಬೆನ್ ಮೆಲ್ಲಗೆ ಮುಖವನ್ನು ಪುಸ್ತಕದ ಹಿಂದೆ ಅಡಗಿಸಿಕೊಂಡರು. ನಾನು ಏನೂ ಗೊತ್ತಿಲ್ಲದವಳ ಹಾಗೆ, ಎಲ್ಲರೂ ಆ ಪದ ಬಳಸಿ ಒಂದು ವಾಕ್ಯ ಬರೆಯಿರಿ ಅಂದೆ. ಮೇಲ್ಮನೆಯವರು ಬರೆದದ್ದು: ‘ಐ ಬಾರೋಡ್. ಐ ವಿಲ್ ರಿಟರ್ನ್. ಟುಡೇ.’ ಒಂದೂ ತಪ್ಪಿಲ್ಲ. ಸಂಜೆಗೆ ಪಾತ್ರೆ ತೊಳೆದುಕೊಂಡು ಕೆಳಗಿಳಿಯಿತು.

ಇದನ್ನೆಲ್ಲ ಕೇಳಿ ನಮ್ಮ ಯಜಮಾನರು ಅಂದರು: “ನಾಳಿಗೂ ಇದೇ ಪಾಠ ತಗೋ. ನಮ್ಮ ಏಣಿ ಯಾರ ಮನ್ಯಾಗ ಐತೋ ತಿಳಿವಲ್ದು.”

ಬಾಗಿಲಿಗೆ ಎಲೆಯ ಚಕ್ರ

ಋತುಗಳ ಭಾಗದಲ್ಲಿ ಒಂದು ಪಾಠ. ಶರತ್ಕಾಲದಲ್ಲಿ ಉದುರಿದ ಕೆಂಪು ಎಲೆಗಳನ್ನು ಚಕ್ರದಂತೆ ಕಟ್ಟಿ ಮುಂಬಾಗಿಲಿಗೆ ತೂಗುಹಾಕಿ, ಬಂದವರಿಗೆ ಸಂತೋಷವಾಗುತ್ತದೆ ಎಂದಿತ್ತು. ವಡೋದರಾದಲ್ಲಿ ಶರತ್ಕಾಲ ಎಲ್ಲಿಂದ ತರುವುದು? ಆದರೆ ನಮ್ಮ ಸೊಸೈಟಿಯ ಗೇಟಿನ ಹತ್ತಿರದ ಕಾಡುಬಾದಾಮಿ ಮರ ಆಗಷ್ಟೇ ಕೆಂಪಗಾಗಿ ಎಲೆ ಉದುರಿಸುತ್ತಿತ್ತು. ಎಲ್ಲರೂ ಆರಿಸಿ ತಂದೆವು, ನಡುನಡುವೆ ಬಿಳಿ ಸೇವಂತಿಗೆ ಸಿಕ್ಕಿಸಿ ಭರ್ಜರಿ ಚಕ್ರ ಕಟ್ಟಿ ನಮ್ಮ ಬಾಗಿಲಿಗೇ ತೂಗುಹಾಕಿದೆವು.

ಅದೇ ವಾರ ಯಜಮಾನರು ಜ್ವರ ಬಂದು ರಜೆ ಹಾಕಿ ಮಲಗಿದ್ದರು. ಅದು ಸೊಸೈಟಿಗೆಲ್ಲ ಗೊತ್ತಿತ್ತು. ವಯಸ್ಸಾದ ಸೆಕ್ರೆಟರಿ ಸಾಹೇಬರು ಮೆಟ್ಟಿಲು ಹತ್ತಿ ಹೋಗುವಾಗ ಚಕ್ರ ನೋಡಿದರು. ದೊಡ್ಡವರು ತೀರಿಕೊಂಡಾಗ ಟೀವಿಯಲ್ಲಿ ಅಂಥದ್ದನ್ನೇ ಇಡುವುದು ಅವರು ಕಂಡಿದ್ದರು. ಮುಂದಿನ ಕೆಲಸ ವಾಟ್ಸಾಪ್ ಗ್ರೂಪು ಮಾಡಿತು.

ನಾಲ್ಕು ಗಂಟೆಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಬಿಳಿ ಬಟ್ಟೆ ತೊಟ್ಟ ಎಂಟು ಜನ ಕೈಮುಗಿದು ನಿಂತಿದ್ದಾರೆ. ನಾನು ಚಕ್ರ ನೋಡಲು ಬಂದಿದ್ದಾರೆ ಎಂದುಕೊಂಡು ಹಿಗ್ಗಿಹೋದೆ.

“ಬನ್ನಿ ಬನ್ನಿ! ಸುದ್ದಿ ಆಗಲೇ ಮುಟ್ಟಿತಾ?”

ಸೆಕ್ರೆಟರಿ ಸಾಹೇಬರು ತಗ್ಗಿದ ದನಿಯಲ್ಲಿ, “ಧೈರ್ಯ ತಂದುಕೊಳ್ಳಿ ಬೆನ್,” ಅಂದರು.

“ಧೈರ್ಯ ಯಾತಕ್ಕೆ? ಒಂದೇ ತಾಸಿನಲ್ಲಿ ಮುಗೀತು.”

“ಒಂದೇ ತಾಸಿನಲ್ಲಿ!” ಅವರ ಕಣ್ಣು ತುಂಬಿತು. “ಪುಣ್ಯಾತ್ಮ. ಹೆಚ್ಚು ಕಷ್ಟ ಆಗಲಿಲ್ಲ ತಾನೆ?”

“ಏನೂ ಇಲ್ಲ. ಎಲ್ಲ ಬೆನ್‌ಗಳೂ ಕೈ ಹಾಕಿದರಲ್ಲ.”

ಎಂಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಒಳಗಿನಿಂದ ಯಜಮಾನರು ಬನಿಯನ್ನಿನಲ್ಲೇ, ಹೆಗಲಿಗೆ ಬಿಳಿ ಶಾಲು ಹೊದ್ದು, “ಯಾರು ಬಂದಾರ? ಚಹಾ ಇಡು,” ಎನ್ನುತ್ತ ಹೊರಗೆ ಬಂದರು. ಸೆಕ್ರೆಟರಿ ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ಅವರಿಗೆ ಬೀಸಣಿಗೆಯಿಂದ ಗಾಳಿ ಹಾಕಿ ಎಬ್ಬಿಸಿದ್ದು ನಮ್ಮ ಯಜಮಾನರೇ.

ಸಂಜೆ ಗ್ರೂಪಿನಲ್ಲಿ ಹೊಸ ಸಂದೇಶ ಬಂತು: ‘ಮ್ಯಾನೇಜರ್ ಸಾಹೇಬರು ವಾಪಸ್ ಬಂದಿದ್ದಾರೆ. ಚಹಾ ಕೂಡ ಕೊಟ್ಟರು.’

ಗೋರಿಯ ಮೇಲಿನ ಮಾತು

ಸೂರತ್‌ನಲ್ಲಿ ನನ್ನ ಅತ್ಯಂತ ಚುರುಕಿನ ವಿದ್ಯಾರ್ಥಿನಿ ಸೀರೆ ವ್ಯಾಪಾರಿಯೊಬ್ಬರ ಹೆಂಡತಿ. ಡಿಕ್ಷನರಿ ಇಲ್ಲದೆ ಕೂರುತ್ತಿರಲಿಲ್ಲ. ಆ ದಿನ ಇತಿಹಾಸದ ಪಾಠ. ಹಳೇ ಕಾಲದಲ್ಲಿ ಹಡಗಿನಲ್ಲಿ ಬಂದ ಇಂಗ್ಲಿಷ್ ವ್ಯಾಪಾರಿಯೊಬ್ಬ ದೂರದ ಬಂದರಿನಲ್ಲಿ ಸತ್ತ. ಅವನ ಗೋರಿಯ ಮೇಲೆ ‘ಹಿಯರ್ ಲೈಸ್ ಎನ್ ಆನೆಸ್ಟ್ ಮರ್ಚೆಂಟ್’ ಎಂದು ಕೆತ್ತಿದ್ದಾರೆ. ಪ್ರಾಮಾಣಿಕ ವ್ಯಾಪಾರಿಯೊಬ್ಬ ಇಲ್ಲಿ ಮಲಗಿದ್ದಾನೆ ಎಂದರ್ಥ.

ಸೀರೆ ಬೆನ್ ‘ಲೈ’ ಪದವನ್ನು ಡಿಕ್ಷನರಿಯಲ್ಲಿ ಹುಡುಕಿದರು. ಮೊದಲು ಕಂಡ ಅರ್ಥವನ್ನೇ ಹಿಡಿದುಕೊಂಡು ಗಟ್ಟಿಯಾಗಿ ಹೇಳಿದರು: “ಇಲ್ಲಿ ಪ್ರಾಮಾಣಿಕ ವ್ಯಾಪಾರಿಯೊಬ್ಬ ಸುಳ್ಳು ಹೇಳುತ್ತಿದ್ದಾನೆ.”

ನಾನು ತಿದ್ದುವ ಮೊದಲೇ ಅವರು ಪುಸ್ತಕ ಮುಚ್ಚಿದರು. ಆಮೇಲೆ ಮರುಕದಿಂದ ಅಂದರು: “ಅಯ್ಯೋ ಪಾಪ. ನಮ್ಮವರೂ ಗಿರಾಕಿ ಎದುರಿಗೆ ಅದನ್ನೇ ಮಾಡೋದು. ಆದರೆ ಅಂಗಡಿ ಮುಚ್ಚಿದ ಮೇಲಾದರೂ ಸುಮ್ಮನಿರ್ತಾರೆ.”

ಪುಸ್ತಕದ ಗಾಳಿಪಟ

ಈಗ ನಾವಿರುವುದು ಅಹಮದಾಬಾದಿನ ಬೋಪಾಲ್ ಎಂಬ ಬಡಾವಣೆಯಲ್ಲಿ, ಮಧ್ಯಪ್ರದೇಶದ ಭೋಪಾಲ್ ಅಲ್ಲ. ಇಲ್ಲಿನ ಕ್ಲಾಸಿಗೆ ಒಬ್ಬ ಅಜ್ಜಿ ಬರುತ್ತಾರೆ, ಎಲ್ಲರೂ ಅವರನ್ನು ‘ಬಾ’, ಅಂದರೆ ಅಮ್ಮ, ಅನ್ನುತ್ತಾರೆ. ಹಳೇ ಊರಿನ ಓಣಿಯಲ್ಲಿ ಅರ್ಧ ಆಯುಷ್ಯ ಗಾಳಿಪಟ ಮಾಡಿ, ಈಗ ಮಗನ ಜೊತೆ ಒಂಬತ್ತನೇ ಮಹಡಿಗೆ ಬಂದು ಕೂತವರು. ಮೂರು ತಿಂಗಳಾದರೂ ‘ಯೆಸ್’, ‘ನೋ’ ಬಿಟ್ಟು ಬಾಯಿ ತೆರೆದಿರಲಿಲ್ಲ. ತಪ್ಪಾದರೆ ಪಕ್ಕದಲ್ಲೇ ಕೂತು ಕಲಿಯುವ ಸೊಸೆ ನಗುತ್ತಾಳೆಂಬ ಅಳುಕು.

ಸಂಕ್ರಾಂತಿಗೆ, ಅಂದರೆ ಇಲ್ಲಿಯ ಉತ್ತರಾಯಣಕ್ಕೆ, ಗಾಳಿಪಟ ಮಾಡುವ ಪಾಠ ತೆಗೆದೆ. ಎರಡು ಕಡ್ಡಿಗಳನ್ನು ಅಡ್ಡಡ್ಡ ಬಿಗಿಯಿರಿ, ಕಾಗದ ಅಂಟಿಸಿ, ಉದ್ದ ಬಾಲ ಕಟ್ಟಿ ಎಂದಿತ್ತು. ಇಲ್ಲಿಯವರ ಗಾಳಿಪಟಕ್ಕೆ ಬಾಲವೇ ಇರುವುದಿಲ್ಲ. ಬಾಲ ಎಂಬ ಪದ ಬಂದದ್ದೇ ತಡ, ಬಾ ಎದ್ದು ನಿಂತರು.

“ಟೇಲ್? ಕೈಟ್ ಇಸ್ ಮಂಕಿ?”

ಆ ಮೇಲೆ ಅವರನ್ನು ಹಿಡಿಯಲು ಆಗಲಿಲ್ಲ. ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಪುಸ್ತಕದ ಸಾಲಿಗೇ ಗೀಟು ಹಾಕಿದರು. “ದಿಸ್ ರಾಂಗ್. ಸ್ಟಿಕ್ ಥಿನ್. ಬೆಂಡ್. ಮೋರ್ ಬೆಂಡ್. ನೋ ಫಿಯರ್!” ಎಂದು ಇಡೀ ಕ್ಲಾಸನ್ನೇ ನಡೆಸಿದರು. ಸೊಸೆ ನಗುವುದಿರಲಿ, ನೋಟ್ಸ್ ಬರೆದುಕೊಳ್ಳುತ್ತಿದ್ದಳು.

ಟೆರೇಸಿಗೆ ಹೋದೆವು. ಬಾ ಮಾಡಿದ ಪಟ ಎರಡೇ ಜಗ್ಗಿಗೆ ಮೋಡ ಹುಡುಕಿಕೊಂಡು ಹೋಯಿತು. ಪುಸ್ತಕ ನೋಡಿ ನಾನು ಮಾಡಿದ ಪಟ ಬಾಲ ಅಲ್ಲಾಡಿಸುತ್ತ ಕೆಳಗಿಳಿದು, ಮೂರನೇ ಮಹಡಿಯವರ ಒಣಗಲು ಹಾಕಿದ ಪೈಜಾಮದೊಳಗೆ ಹೊಕ್ಕಿತು. ಬಾ ಬಗ್ಗಿ ನೋಡಿ, ಬಹಳ ಸಮಾಧಾನದಿಂದ ಇಂಗ್ಲಿಷಿನಲ್ಲೇ ಕೇಳಿದರು:

“ಟೀಚರ್ ಬೆನ್, ಬುಕ್ ರೈಟಿಂಗ್ ಮ್ಯಾನ್... ಹಿಸ್ ಹೌಸ್ ನೋ ಟೆರೇಸ್?”

ಮೇಲ್ಮಟ್ಟದ ಇಂಗ್ಲಿಷು

ಇದೇ ಕ್ಲಾಸಿನ ಇನ್ನೊಬ್ಬಳು ಚಿಕ್ಕ ವಯಸ್ಸಿನ ತಾಯಿ. ಹೋದ ವರ್ಷ ಮಗಳನ್ನು ಶಾಲೆಗೆ ಸೇರಿಸಲು ಹೋದಾಗ ತಂದೆತಾಯಿಯ ಸಂದರ್ಶನದಲ್ಲಿ ಇವಳಿಗೊಂದು ಪ್ರಶ್ನೆ ಕೇಳಿದ್ದರಂತೆ. ಬಾಯಿಂದ ಒಂದು ಮಾತೂ ಹೊರಡದೆ ಅತ್ತುಬಿಟ್ಟಳಂತೆ. ಸೀಟು ಸಿಗಲಿಲ್ಲ. “ನನ್ನಿಂದಲೇ ಹೋಯ್ತು ಟೀಚರ್ ಬೆನ್,” ಎಂದು ಮೊದಲ ದಿನವೇ ಹೇಳಿದ್ದಳು. ಮುಂದಿನ ಆರು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ನಾನು ಓದಿದಂತೆಯೇ ಓದುವಳು, ನಾನು ಉಸಿರು ತೆಗೆದುಕೊಂಡಲ್ಲೇ ಉಸಿರು ತೆಗೆದುಕೊಳ್ಳುವಳು.

ಈ ವರ್ಷ ಬೇರೊಂದು ಶಾಲೆಯ ಸಂದರ್ಶನ. ಮಧ್ಯಾಹ್ನ ಪೇಡೆಯ ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಸೀಟು ಸಿಕ್ಕಿತ್ತು! ಇಬ್ಬರೂ ತಬ್ಬಿಕೊಂಡು ಕುಣಿದೆವು.

“ಏನು ಕೇಳಿದರು, ಏನು ಹೇಳಿದೆ, ಎಲ್ಲ ಹೇಳು,” ಅಂದೆ.

“ಮನೆಯಲ್ಲಿ ಏನು ಓದ್ತೀರಿ ಅಂದ್ರು. ನಾನು ಹೇಳಿದೆ: ‘ಸರ್, ಯೆವ್ರಿ ಡೇ ಐ ರೀಡ್ ವನ್ ಬುಕ್ಕು. ಮೈ ಡಾಟರ್ ಆಲ್ಸೋ ಸಿಟ್ಸ್ ವಿತ್ ಪೆನ್ನು.’ ಪ್ರಿನ್ಸಿಪಾಲರು ಬರೆಯೋದು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಮುಖ ಅರಳಿಸಿಕೊಂಡು ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಹುಬ್ಳಿ... ಏನ್ರೀ... ಅಂತೇನೋ.”

ನನ್ನ ಕೈಯಲ್ಲಿದ್ದ ಪೇಡೆ ಅಲ್ಲೇ ನಿಂತಿತು.

“ನೀನೇನಂದೆ?”

“ಈ ಸಲ ಸುಮ್ಮನೆ ಕೂರೋದಿಲ್ಲ ಅಂತ ಆಣೆ ಮಾಡಿದ್ನಲ್ಲ. ‘ಯೆಸ್ ಸರ್’ ಅಂದೆ. ಅಷ್ಟೇ, ಅವರು ಹತ್ತು ನಿಮಿಷ ಒಂದೇ ಸಮನೆ ಮಾತಾಡಿದರು. ತಿಳಿದ ಶಬ್ದ ಬಂದಾಗೆಲ್ಲ ನಾನು ಉತ್ತರ ಕೊಟ್ಟೆ. ಏರಿಯಾ ಅಂದ್ರು, ‘ಬೋಪಾಲ್ ಸರ್’ ಅಂದೆ. ಟ್ರಾನ್ಸ್‌ಫರ್ ಅಂದ್ರು, ‘ನೋ ಸರ್, ವೋನ್ ಫ್ಲ್ಯಾಟು’ ಅಂದೆ. ಫ್ಯಾಮಿಲಿ ಅಂದ್ರು, ‘ಸ್ಮಾಲ್ ಸರ್.’ ಕೊನೆಗೆ ಅದೇನೋ ಮಿರ್ಚಿ ಅಂದು ಕಣ್ಣೊರೆಸಿಕೊಂಡರು. ‘ವೆರಿ ಗುಡ್ ಸರ್’ ಅಂದೆ. ಸಹಿ ಹಾಕಿಯೇಬಿಟ್ಟರು!”

“ನಿನ್ನ ಗಂಡ?”

“ಅವರು ಬಾಯಿ ತೆರೆದುಕೊಂಡು ಕೂತಿದ್ದರು. ಕಾರಿನಲ್ಲಿ ಕೇಳಿದರು, ಇಷ್ಟು ದೊಡ್ಡ ಇಂಗ್ಲಿಷ್ ಯಾವಾಗ ಕಲಿತೆ ಅಂತ.”

ಹೇಳಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಅವಳೇ ಒಂದು ಪೇಡೆ ಎತ್ತಿ ನನ್ನ ಬಾಯಿಗೆ ತುರುಕಿ, ಹೆಮ್ಮೆಯಿಂದ ಅಂದಳು:

“ನಿಜ ಹೇಳ್ತೀನಿ ಟೀಚರ್ ಬೆನ್, ಆ ಪ್ರಿನ್ಸಿಪಾಲರದ್ದು ಭಾರೀ ಮೇಲ್ಮಟ್ಟದ ಇಂಗ್ಲಿಷು, ನನಗೆ ನಾಲ್ಕೇ ಶಬ್ದ ತಿಳಿದದ್ದು. ಆದರೆ ಉಚ್ಚಾರ ಮಾತ್ರ ಥೇಟ್ ನಿಮ್ಮದೇ!”