ಫಾಲ್ಸ್ ಸೀಲಿಂಗಿನೊಳಗೊಂದು ಕಬ್ಬಿನ ಜಲ್ಲೆ

ಚಲುವರಾಜು ತೀರಿಕೊಂಡು ಮೂರು ತಿಂಗಳಾಯಿತು. ತೀರಿಕೊಂಡವರ ಮೇಲೆ ದೂರು ಹೇಳಬಾರದು ಎನ್ನುತ್ತಾರೆ. ಆದರೆ ಐವತ್ತೆರಡು ವರ್ಷ ದಿನವೂ ದೂರಿಕೊಂಡೇ ಸ್ನೇಹ ಮಾಡಿದವನ ವಿಷಯದಲ್ಲಿ ನಾನು ಇದ್ದಕ್ಕಿದ್ದಂತೆ ಸುಮ್ಮನಾದರೆ, ಎಲ್ಲಿದ್ದರೂ ಅವನಿಗೇ ಅನುಮಾನ ಬಂದೀತು. ಆದ್ದರಿಂದ ಹೇಳಿಬಿಡುತ್ತೇನೆ. ನಾನು ನಿವೃತ್ತನಾದಾಗ ಉಡುಗೊರೆಯೆಂದು ಆರು ಲೈಟು ತಂದುಕೊಟ್ಟ. ಸೀಲಿಂಗಿನೊಳಗೇ ಹುದುಗಿ ಕೂತು, ಮುಖ ಮಾತ್ರ ತೋರಿಸುವ ದುಂಡು ಲೈಟುಗಳು. "ಬರೋ ಭಾನ್ವಾರ ಬಂದು ಕೂರುಸ್ಬುಡ್ತೀನಿ ಕಣ್ಲಾ ಮೇಷ್ಟ್ರೇ" ಎಂದ. ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಎದೆನೋವು ಎಂದು ಕೂತವನು ಏಳಲಿಲ್ಲ.

ಅವನು ಎಲೆಕ್ಟ್ರಿಷಿಯನ್. ನಾನು ಫಿಸಿಕ್ಸ್ ಲೆಕ್ಚರರ್. ಕಡಲೆ ನನ್ನ ಮನೆಯಲ್ಲಿ ಉಳಿಯಿತು, ಹಲ್ಲು ಹೊರಟುಹೋಯಿತು.

ಆರು ಡಬ್ಬಿಗಳೂ ಅಟ್ಟದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಹೀಗಿರುವಾಗ ನನ್ನ ಹೆಂಡತಿ ರಂಜಿತ ಒಂದು ಶುಕ್ರವಾರ ಸುದ್ದಿ ಕೊಟ್ಟಳು: "ಹೊಂಬಾಳಮ್ಮನವರು ಭಾನುವಾರ ಊಟಕ್ಕೆ ಬರ್ತಾರಂತೆ. ದೀಪಿಕಾನೂ ಬರ್ತಾಳೆ."

ಹೊಂಬಾಳಮ್ಮ ಚಲುವರಾಜುವಿನ ಹೆಂಡತಿ, ದೀಪಿಕ ಮಗಳು. ಅವನು ಹೋದಮೇಲೆ ಹೊಂಬಾಳಮ್ಮ, ನಾವಿಬ್ಬರೂ ಬೆಳೆದ ಹಳ್ಳಿ ಕೊತ್ತತ್ತಿಯ ಮನೆಯ ಹೊಸಲು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಮೊದಲ ಸಲ ಹೊರಟಿರುವುದು ನಮ್ಮ ಮನೆಗೆ. ಆ ಕ್ಷಣವೇ ನಿಶ್ಚಯಿಸಿದೆ: ಆಕೆ ನಮ್ಮ ನಡುಮನೆಗೆ ಕಾಲಿಟ್ಟಾಗ ಆಕೆಯ ಗಂಡ ಕೊಟ್ಟ ಆರೂ ದೀಪ ಉರಿಯುತ್ತಿರಬೇಕು.

"ಒಳ್ಳೆಯದೇ. ಯಾರನ್ನಾದರೂ ಕರೆಸಿ" ಎಂದಳು ರಂಜಿತ.

"ಚಲುವರಾಜು ಕೈಯಿಟ್ಟ ವೈರಿಂಗಿಗೆ ಬೇರೆಯವನ ಕೈಯೇ?"

"ಹಾಗಾದ್ರೆ ದೀಪಿಕಾನ್ನೇ ಕರೀರಿ. ಐಟಿಐ ಮಾಡಿ ಅಪ್ಪನ ಅಂಗಡಿ ಅವಳೇ ನಡೆಸ್ತಿಲ್ವೇ?"

"ಊಟಕ್ಕೆ ಕರೆದು ಏಣಿ ಹತ್ತಿಸೋದೇ? ನಾನೇ ಹಾಕ್ತೀನಿ."

ರಂಜಿತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. (ದೂರ ಬಹಳವೇನಿಲ್ಲ, ಐದಡಿ ನಾಲ್ಕಂಗುಲ.)

"ಮೂವತ್ತೆರಡು ವರ್ಷ ವಿದ್ಯುಚ್ಛಕ್ತಿ ಪಾಠ ಮಾಡಿದ್ದೀನಿ ಕಣೇ."

"ಪಾಠ ಮಾಡಿದ್ದೀರಿ. ಮಿಕ್ಸಿ ಪ್ಲಗ್ಗು ಸಡಿಲವಾದರೆ ಇವತ್ತಿಗೂ ನಾನೇ ಅದುಮೋದು. ಅಲ್ಲ ರೀ, ಸೀಲಿಂಗ್ ಮಾಡಿಸಿದ ದಿನವೇ ಚಲುವರಾಜಣ್ಣ ನನ್ನ ಹತ್ತಿರ..."

"ಅವನ ಹೆಸರು ಎತ್ತಬೇಡ!" ಎಂದೆ. "ಅವನ ಹೆಸರು ಕೇಳಿದರೆ ನನ್ನ ಕೈ ನಡುಗುತ್ತೆ. ಕರೆಂಟಿನ ಕೆಲಸದಲ್ಲಿ ಕೈ ನಡುಗಬಾರದು."

ಅದು ಸುಳ್ಳಲ್ಲ. ಮೂರು ತಿಂಗಳಿಂದ ನಡುಗುತ್ತಿತ್ತು.

ಶನಿವಾರ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಮಹಾಕಾರ್ಯಕ್ಕೆ ಇಳಿದೆ, ಅಂದರೆ ಏರಿದೆ. ಮೊದಲ ಹೆಜ್ಜೆಯಾಗಿ ಇಡೀ ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಎರಡನೇ ಹೆಜ್ಜೆಗೆ ಮುಂಚೆಯೇ ಅಡುಗೆಮನೆಯಿಂದ ಆಕ್ಷೇಪಣೆ ಬಂತು.

"ತೂತು ಕೊರೆಯೋದು ನಡುಮನೇಲಿ. ಫ್ರಿಜ್ಜು ಯಾಕ್ರೀ ಸಾಯಬೇಕು?"

"ಸುರಕ್ಷತೆ ಮೊದಲು!"

"ಹಾಗಾದ್ರೆ ಚಟ್ನಿ ಕೊನೆಗೆ" ಎಂದು ರಂಜಿತ ಒರಳುಕಲ್ಲಿನ ಮುಂದೆ ಕೂತಳು. ಅಂದು ಅವಳು ರುಬ್ಬಿದ್ದು ಬರೀ ಕಾಯಿಯನ್ನಲ್ಲ ಎಂಬುದು ಆ ಶಬ್ದದಲ್ಲೇ ತಿಳಿಯುತ್ತಿತ್ತು.

ಒಗ್ಗರಣೆ ಡಬ್ಬಿಯ ಮುಚ್ಚಳವನ್ನು ಸೀಲಿಂಗಿಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ವೃತ್ತ ಎಳೆದೆ. ಗರಗಸದ ಬ್ಲೇಡಿನಿಂದ ಕೊಯ್ದೆ. ಬಿಳಿ ಪುಡಿ ಉದುರಿ ಉದುರಿ ಮಧ್ಯಾಹ್ನದ ಹೊತ್ತಿಗೆ ನಾನು ವಿಭೂತಿ ಬಳಿದುಕೊಂಡ ಸನ್ಯಾಸಿಯಂತಾಗಿದ್ದೆ. ಕೆಳಗಿಳಿದು ಎಣಿಸಿದರೆ ಏಳು ತೂತು! ಲೈಟು ಆರೇ. ಮೊದಲನೆಯದನ್ನು ಅಭ್ಯಾಸಕ್ಕೆಂದು ಕೊರೆದದ್ದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ನಿಜವಾದ ಸಮಸ್ಯೆ ಆಮೇಲೆ ಶುರುವಾಯಿತು. ತೂತೇನೋ ಆಯಿತು, ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಹೋಗುವುದು ಹೇಗೆ? ಹಳೆಯ ಫಾಲ್ಸ್ ಸೀಲಿಂಗು, ಅದಕ್ಕೂ ಮೇಲಿನ ತಾರಸಿಗೂ ನಡುವೆ ಒಂದು ಗೇಣು ಕತ್ತಲು. ಟಾರ್ಚು ಬಿಟ್ಟು ನೋಡಿದೆ. ಕಬ್ಬಿಣದ ಪಟ್ಟಿಗಳು, ಧೂಳು, ಆ ಧೂಳಿನಲ್ಲಿ ಎಲ್ಲಿಂದಲೋ ಎಲ್ಲಿಗೋ ಹೋಗುವ ಒಂದು ಎಳೆ. ಜೇಡರ ಬಲೆ ಇರಬೇಕೆಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದೆ. ವೈರನ್ನು ಹಾಗೇ ನೂಕಿದರೆ ಒಂದು ಮೊಳ ಹೋಗಿ, ಬೇಸರವಾದವರ ಹಾಗೆ ಸುರುಳಿ ಸುತ್ತಿಕೊಂಡು ವಾಪಸು ನನ್ನ ಮುಖಕ್ಕೇ ಬಂತು. ಇಂಥದ್ದಕ್ಕೆ ಎಲೆಕ್ಟ್ರಿಷಿಯನ್ನರ ಹತ್ತಿರ ಒಂದು ಉದ್ದನೆಯ ಸ್ಪ್ರಿಂಗ್ ಇರುತ್ತದೆ. ಅದರ ತುದಿಗೆ ವೈರು ಕಟ್ಟಿ ತೂರಿಸುತ್ತಾರೆ. ಚಲುವರಾಜುವಿನ ಸ್ಪ್ರಿಂಗು ಅವನ ಅಂಗಡಿಯ ಮೊಳೆಯ ಮೇಲಿದೆ. ಕೇಳಿದರೆ ಗುಟ್ಟು ರಟ್ಟಾಗುತ್ತದೆ. "ಈ ವೈರು ತೂರಿಸೋದು ಹೇಗೆ?" ಎಂದು ಗೊಣಗಿದೆ.

"ಅದೇ ರೀ ನಾನು ಹೇಳೋಕೆ ಬಂದದ್ದು. ಚಲುವರಾಜಣ್ಣ ಆವತ್ತು..."

"ರಂಜಿತಾ, ದಯವಿಟ್ಟು!"

ಅವಳು ಕೈಯಲ್ಲಿದ್ದ ಸೌಟನ್ನು ಒಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಒಳಗೆ ಹೋದಳು. ದೊಡ್ಡ ಮನಸ್ಸು.

ಆಗ ಬೀದಿಯಲ್ಲಿ ಸದ್ದಾಯಿತು. ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರು, ನಮ್ಮ ತಿರುವಿನಲ್ಲಿ ಬಸುರಿಯಂತೆ ನಿಧಾನವಾಗಿ ಬರುತ್ತಿತ್ತು. ಟ್ರೈಲರಿನ ಹಿಂಬದಿಯಲ್ಲಿ ಜಲ್ಲೆಗಳು ಚಾಚಿಕೊಂಡಿದ್ದವು. ನೇರ, ಗಟ್ಟಿ, ಎಂಟಡಿ ಉದ್ದ. ಮಂಡ್ಯದವನಿಗೆ ದೇವರು ಸ್ಪ್ರಿಂಗನ್ನು ಬೇರೆ ಯಾವ ರೂಪದಲ್ಲಿ ಕಳಿಸಿಯಾನು?

ಕಬ್ಬಿನ ಗಾಡಿಯಿಂದ ಜಲ್ಲೆ ಎಳೆಯದೆ ನಮ್ಮ ಕಡೆ ಯಾವ ಹುಡುಗನೂ ದೊಡ್ಡವನಾಗಿಲ್ಲ. ಕೊತ್ತತ್ತಿ ಶಾಲೆಯಲ್ಲಿ ನನ್ನ ತಂದೆ ಮೇಷ್ಟರು. ಮೇಷ್ಟರ ಮಗ ಕಳ್ಳತನ ಮಾಡಬಾರದೆಂದು ಎಳೆಯುವ ಕೆಲಸ ಚಲುವರಾಜು ಮಾಡುತ್ತಿದ್ದ, ನಾನು ಕಾವಲು ಕಾಯುತ್ತಿದ್ದೆ. ಸಿಕ್ಕಿಬಿದ್ದಾಗ ಏಟು ಅವನಿಗೆ, ಉಪದೇಶ ನನಗೆ. ಜಲ್ಲೆ ಮಾತ್ರ ಅರ್ಧರ್ಧ.

ಈ ಸಲ ಕಾವಲಿಗೆ ಯಾರೂ ಇರಲಿಲ್ಲ. ಬರಿಗಾಲಿನಲ್ಲಿ, ವಿಭೂತಿವೇಷದಲ್ಲೇ ಓಡಿದೆ. ಒಂದನ್ನು ಹಿಡಿದು ಎಳೆದೆ. ಟ್ರ್ಯಾಕ್ಟರು ನಿಂತಿತು. ಡ್ರೈವರು ಇಣುಕಿದ. ಕೆಂಪಸಿದ್ದಯ್ಯ, ನನ್ನ ಹಳೆಯ ವಿದ್ಯಾರ್ಥಿ, ಫಿಸಿಕ್ಸಿನಲ್ಲಿ ಎರಡು ಸಲ ಫೇಲಾದವನು.

"ಯಾಕ್ ಸಾ, ಈ ವಯಸ್ನಲ್ಲಿ? ಕೇಳಿದ್ರೆ ನಾನೇ ಕೊಡ್ತಿರ್ನಿಲ್ವಾ?"

"ಒಂದು ಪ್ರಯೋಗ ಮಾಡಬೇಕಾಗಿತ್ತಪ್ಪ."

"ಸದ್ಯ, ನಮ್ಮ ಕಾಲ್ದಲ್ಲಿ ಈ ಪ್ರಾಕ್ಟಿಕಲ್ಲು ಇರ್ನಿಲ್ಲ ಬುಡಿ" ಎಂದು ಗೇರು ಹಾಕಿ ಹೊರಟ.

ಕಿಟಕಿಯ ಬಳಿ ಪರದೆಗೆಂದು ಬಿಟ್ಟಿದ್ದ ಸಂದಿಯಿಂದ ಸೀಲಿಂಗಿನೊಳಕ್ಕೆ ಅಡ್ಡಡ್ಡವಾಗಿ ದಾರಿಯಿತ್ತು. ಜಲ್ಲೆಯ ತುದಿಗೆ ವೈರು ಬಿಗಿದು ನೂಕಿದೆ. ಮೊದಲ ತೂತು ದಾಟಿತು! ಎರಡನೆಯದೂ ದಾಟಿತು! "ರಂಜಿತಾ, ಬಾ ಇಲ್ಲಿ ನೋಡು!" ಎಂದು ಕೂಗಿದೆ. ಕೂಗಿದ್ದೇ ತಪ್ಪಾಯಿತು. ಜಲ್ಲೆ ಗಕ್ಕನೆ ನಿಂತಿತು. ನೂಕಿದೆ, ಹೋಗಲಿಲ್ಲ. ಎಳೆದೆ, ಬರಲಿಲ್ಲ. ಹೇಗಿತ್ತೆಂದರೆ, ಒಳಗೆ ಯಾರೋ ಕೂತು ಆ ತುದಿಯನ್ನು ಹಿಡಿದುಕೊಂಡು ಚೇಷ್ಟೆ ಮಾಡುತ್ತಿರುವಂತೆ. ಅಂಥ ಚೇಷ್ಟೆ ಮಾಡುವವನು ಒಬ್ಬನೇ ಇದ್ದ. ಅದು ನೆನಪಾದದ್ದೇ ತಡ ಕೈ ನಡುಗಿತು, ರಪ್ಪನೆ ಎಳೆದೆ, ಜಲ್ಲೆ ಲಟಕ್ಕೆಂದಿತು. ಮುರಿದ ನಾಲ್ಕಡಿಯನ್ನು ಅಪ್ಪಿಕೊಂಡು ನಾನು ಸೋಫಾದ ಮೇಲೆ ಬಿದ್ದೆ. ಉಳಿದ ನಾಲ್ಕಡಿ ಮೇಲೇ ಉಳಿಯಿತು. ವೈರೂ ಅದರ ಜೊತೆಗೇ.

"ಪೆಟ್ಟಾಯ್ತೇ?" ಎಂದು ರಂಜಿತ ಓಡಿಬಂದಳು.

"ಇಲ್ಲ."

"ಹಾಗಾದ್ರೆ ಈಗಲಾದ್ರೂ ಕೇಳಿ. ಚಲುವ..."

ನಾನು ಟವೆಲನ್ನು ಮುಖದ ಮೇಲೆ ಎಳೆದುಕೊಂಡೆ. ಅವಳು ನನ್ನ ಕೈಯಿಂದ ಕಬ್ಬು ಬಿಡಿಸಿಕೊಂಡು ಹೋದಳು.

ಇನ್ನು ಭಾನುವಾರ.

ಸಕ್ಕರೆ ಸೀಮೆಯಲ್ಲಿ ಹುಟ್ಟಿ ಬೆಳೆದು, ಮುರಿದ ಕಬ್ಬನ್ನು ಸೂರಿನಲ್ಲಿ ಬಿಟ್ಟರೆ ಏನಾಗುತ್ತದೆಂದು ನನಗೆ ಹೊಳೆಯಲಿಲ್ಲ. ಇರುವೆಗಳಿಗೆ ಹೊಳೆಯಿತು. ಹೊಂಬಾಳಮ್ಮ, ದೀಪಿಕ ಬಂದರು. ಆಕೆ ತೆಳ್ಳಗಾಗಿದ್ದರು. "ಚೆನ್ನಾಗಿದ್ದೀರಾ ಮೇಷ್ಟ್ರೇ" ಎಂದಷ್ಟೇ ಕೇಳಿದರು. ನಾನೂ "ಹ್ಞೂಂ" ಎಂದಷ್ಟೇ ಅಂದೆ. ತೂತುಗಳಿಗೆಲ್ಲ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿ ಮುಚ್ಚಿದ್ದೆ. ಅವರಿಬ್ಬರೂ ಮೇಲೆ ನೋಡದಿರಲೆಂದು ನಾನು ನೆಲವನ್ನೇ ನೋಡುತ್ತ ಮಾತಾಡಿದೆ.

ನಡುಮನೆಯಲ್ಲೇ ಎಲೆ ಹಾಕಿದೆವು. ರಂಜಿತ ಶಾವಿಗೆ ಪಾಯಸ ಬಡಿಸಿದಳು. ಹೊಂಬಾಳಮ್ಮ ಬೆರಳಿಡುವಷ್ಟರಲ್ಲಿ ಪಾಯಸದಲ್ಲಿದ್ದ ಒಂದು ಒಣದ್ರಾಕ್ಷಿ ಎದ್ದು ನಡೆಯತೊಡಗಿತು.

ದಪ್ಪ ಕರಿ ಗೊದ್ದ. ಅದರ ಹಿಂದೆ ಇನ್ನೊಂದು ಟಪ್ಪೆಂದು ಬಿತ್ತು. ಆಮೇಲೆ ಕೋಸಂಬರಿಯಲ್ಲಿ ನಾಲ್ಕು, ನನ್ನ ಅಂಗಿಯ ಕತ್ತಿನೊಳಗೆ ಎರಡು. ಕೊನೆಗೆ ಭಾರ ತಡೆಯದೆ ಕ್ಯಾಲೆಂಡರಿನ ಆಷಾಢಮಾಸ ಕಳಚಿಕೊಂಡು, ಸಮಸ್ತ ಪರಿವಾರ ಸಮೇತ ಅನ್ನದ ಪಾತ್ರೆಯೊಳಗೆ ಅವತರಿಸಿತು.

ದೀಪಿಕ ಎದ್ದು ಮೇಲೆ ನೋಡಿದಳು. "ದೊಡ್ಡಪ್ಪ, ಏನಿದು? ಸೀಲಿಂಗೆಲ್ಲ ಇಡ್ಲಿ ತಟ್ಟೆ ಆಗೈತಲ್ಲ!"

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದೆ: ಆರು ಲೈಟು, ಏಳು ತೂತು, ಒಂದು ಜಲ್ಲೆ. ಹೊಂಬಾಳಮ್ಮನವರ ಕಡೆ ನೋಡುವ ಧೈರ್ಯವಾಗಲಿಲ್ಲ. "ನೀವು ಬಂದಾಗ ಉರೀತಿರಲಿ ಅಂತ..." ಎಂದು ನಿಲ್ಲಿಸಿದೆ.

ಆಕೆ ಕೂತ ಕಡೆಯಿಂದ ಏನೋ ಸದ್ದು ಬಂತು. ಅಳುತ್ತಿದ್ದಾರೆಂದುಕೊಂಡೆ. ನೋಡಿದರೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಾರೆ!

"ಕಬ್ಬಾ? ಸೂರ್ನಲ್ಲಿ ಕಬ್ಬು ನಾಟಿ ಮಾಡುದ್ರಾ ಮೇಷ್ಟ್ರೇ? ನಾಲೆ ನೀರು ಅತ್ತೀತಾ ಅಲ್ಲೀಗಂಟ?" ಎಂದು ಅಂದು ಅಂದು ನಕ್ಕರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ನಕ್ಕರು. ದೀಪಿಕ ಅಮ್ಮನನ್ನೇ ನೋಡುತ್ತ ನಿಂತುಬಿಟ್ಟಳು. ಮೂರು ತಿಂಗಳ ಮೇಲೆ ಆ ನಗು ಕೇಳಿದ್ದಳೇನೋ.

ಆಮೇಲೆ ದೀಪಿಕ ಮೇನ್ ಆಫ್ ಮಾಡಿ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಏಣಿ ಹತ್ತಿದಳು. ಸೀದಾ ಫ್ಯಾನಿನ ಬಳಿ ಹೋಗಿ, ಅದರ ಕೊಕ್ಕೆ ಮುಚ್ಚಿದ್ದ ಬಟ್ಟಲನ್ನು ಸಡಿಲಿಸಿ, ಎರಡು ಬೆರಳು ಹಾಕಿ ಏನನ್ನೋ ಹೊರಗೆ ಎಳೆದಳು. ಗೋಣಿದಾರ.

"ಇಲ್ಲೇ ಐತಲ್ಲ ದೊಡ್ಡಪ್ಪ. ಅಪ್ಪ ಯಾವ ಸೀಲಿಂಗ್ನೂ ದಾರ ಬುಡ್ದೆ ಮುಚ್ಚುಸ್ತಿರ್ನಿಲ್ಲ. ನಡುಮನೆ ಪೂರಾ ಒಂದು ಸುತ್ತು ಬಂದೈತೆ. ಇದಕ್ಕೆ ವೈರು ಕಟ್ಟಿ ಎಳ್ಕಂಡ್ರೆ ಆಯ್ತು. ಕೇಳುದ್ರೆ, 'ಮುಂದೆ ಬರೋನ್ಗೆ ಕಣವ್ವ' ಅನ್ನೋನು."

ಟಾರ್ಚಿನ ಬೆಳಕಲ್ಲಿ ನಾನು ಪಕ್ಕಕ್ಕೆ ತಳ್ಳಿದ ಜೇಡರ ಬಲೆ!

ದೀಪಿಕ ದಾರ ಎಳೆದಳು. ಮೂರನೇ ತೂತಿನಲ್ಲಿ ಮೊದಲು ಇರುವೆ, ಆಮೇಲೆ ಕಬ್ಬು ಮುಖ ತೋರಿಸಿದವು. ಜಲ್ಲೆಯ ಗಿಣ್ಣಿಗೆ ಅದೇ ದಾರ ಮೂರು ಸುತ್ತು ಬಿಗಿದುಕೊಂಡಿತ್ತು. ಒಳಗೆ ಕೂತು ಹಿಡಿದುಕೊಂಡಿದ್ದವನು ಸಿಕ್ಕಿಬಿದ್ದ.

"ನಿನಗೆ ಗೊತ್ತಿತ್ತೇ?" ಎಂದು ರಂಜಿತಳ ಕಡೆ ತಿರುಗಿದೆ.

"ಸೀಲಿಂಗ್ ಮಾಡಿಸಿದ ದಿನವೇ ಹೇಳಿದ್ರು. 'ದಾರ ಬಿಟ್ಟಿದ್ದೀನಿ ಅಕ್ಕ. ಮೇಷ್ಟ್ರಿಗೆ ಹೇಳಿದ್ರೆ ಪಾಠ ಶುರು ಮಾಡ್ತಾನೆ, ನೀವೇ ನೆನಪಿಟ್ಕೊಳ್ಳಿ' ಅಂತ. ಮೂರು ಸಲ ಹೇಳೋಕೆ ಬಂದೆ. ನೀವು ಹೆಸರೇ ಎತ್ತಬೇಡ ಅಂದ್ರಿ."

ಗಂಟೆ ಮೂರಾಗುವ ಮುಂಚೆ ಆರೂ ಲೈಟು ಕೂತವು. ಪರದೆ ಎಳೆದು, ಮೇನ್ ಹಾಕಿ, ಸ್ವಿಚ್ಚನ್ನು ಹೊಂಬಾಳಮ್ಮನವರ ಕೈಯಿಂದ ಒತ್ತಿಸಿದೆವು. ಸಂಜೆ ದೀಪ ಹಚ್ಚಿದಾಗ ಮಾಡುವಂತೆ ಆಕೆ ಸೂರಿನತ್ತ ಕೈಮುಗಿದರು. ಅಡುಗೆಮನೆಯಲ್ಲಿ ಫ್ರಿಜ್ಜು ನಿಟ್ಟುಸಿರು ಬಿಟ್ಟು ಎದ್ದಿತು. ನಾನು "ಚಲುವರಾಜು" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು. ಸ್ವಲ್ಪ ಕಡಿಮೆ ನಡುಗಿತು.

"ಈ ಏಳನೇ ತೂತು ಏನ್ ಮಾಡೋದು ದೊಡ್ಡಪ್ಪ?" ಎಂದಳು ದೀಪಿಕ. ನಾನು ಯೋಚಿಸುವಷ್ಟರಲ್ಲಿ ಅವಳು ವೈರಿನ ಜೊತೆ ಮತ್ತೆ ಒಳಗೆ ಬಿಟ್ಟಿದ್ದ ಅದೇ ದಾರವನ್ನು ಅದರಿಂದ ಒಂದು ಮೊಳ ಇಳಿಬಿಟ್ಟು ಗಂಟು ಹಾಕಿದ್ದಳು. "ಇರ್ಲಿ. ಮುಂದೆ ಬರೋನ್ಗೆ."

"ಆ ಮುಂದೆ ಬರೋರು ಇವರಾಗದಿದ್ದರೆ ಸಾಕಮ್ಮ" ಎಂದಳು ರಂಜಿತ.

ಅವಳು ಅಷ್ಟು ಹೆದರಬೇಕಾಗಿರಲಿಲ್ಲ. ಮುಂದೆ ಬಂದದ್ದು ಇರುವೆಗಳು. ಮೇಲೆ ಇನ್ನೂ ಕಬ್ಬಿನ ರಸದ ವಾಸನೆ ಉಳಿದಿದೆಯಂತೆ. ಮೊದಲಾದರೆ ಟಪಟಪ ಬೀಳುತ್ತಿದ್ದವು. ಈಗ ಚಲುವರಾಜುವಿನ ದಾರ ಹಿಡಿದು, ಒಂದರ ಹಿಂದೆ ಒಂದು ಶಿಸ್ತಾಗಿ ಇಳಿದು, ದಾರದ ನೇರ ಕೆಳಗಿರುವ ನನ್ನ ಕುರ್ಚಿಗೇ ಬರುತ್ತವೆ.